ಲೈಟ್ ಆರಿತು, ಗಾಳಿ ಮಾತ್ರ ಕಮ್ಮಿಯೇ ಇತ್ತು

ಟೈರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾರು ಬಂತು. ಡ್ಯಾಶ್‌ಬೋರ್ಡಿನಲ್ಲಿ ಟೈರಿನ ಹಳದಿ ಲೈಟ್ ಉರಿಯುತ್ತಿತ್ತು. ಹಿಂದಿನ ಎಡ ಚಕ್ರ ಸ್ವಲ್ಪ ಕೂತಿತ್ತು. ಉಳಿದ ಮೂರರ ಹಾಗೆ ಕಾಣುವ ತನಕ ಕಣ್ಣಂದಾಜಿನಲ್ಲೇ ಗಾಳಿ ಹೊಡೆದೆ. ರಿಸೆಟ್ ಬಟನ್ ಒತ್ತಿದೆ. ಲೈಟ್ ಆರಿತು. ಐದು ನಿಮಿಷದ ಕೆಲಸ, ಕಾರಿನವರಿಗೂ ಖುಷಿ, ನನಗೂ ಖುಷಿ.

ಮೂರು ತಿಂಗಳಿಗೆ ಅದೇ ಕಾರು ವಾಪಸ್. ನಾಲ್ಕೂ ಟೈರುಗಳ ಎರಡೂ ಅಂಚು ಸವೆದು ನುಣ್ಣಗಾಗಿದ್ದವು, ನಡುವಿನ ಗೆರೆಗಳು ಮಾತ್ರ ಇನ್ನೂ ಆಳವಾಗಿದ್ದವು. ಗಾಳಿ ಕಮ್ಮಿ ಓಡಿದ ಟೈರ್ ಸವೆಯುವುದೇ ಹೀಗೆ. "ಲೈಟ್ ಒಂದ್ಸಲಾನೂ ಬರಲಿಲ್ಲವಲ್ಲ?" ಎಂದರು. ಈ ಸಲ ಗೇಜ್ ಹಾಕಿದೆ. 24, 23, 24, 23. ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಕಂಪನಿ ಹೇಳಿದ್ದ ಗಾಳಿಯ ಒತ್ತಡ 33 ಪಿಎಸ್‌ಐ.

ತಪ್ಪು ನನ್ನದೇ. ಆ ಕಾರಿನ ಚಕ್ರದೊಳಗೆ ಗಾಳಿ ಅಳೆಯುವ ಸೆನ್ಸರೇ ಇರಲಿಲ್ಲ. ಅದು ಇಂಡೈರೆಕ್ಟ್ ಸಿಸ್ಟಮ್. ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡುವ ಎಬಿಎಸ್‌ಗೆಂದು ಪ್ರತಿ ಚಕ್ರದ ಹತ್ತಿರ ವೇಗ ಅಳೆಯುವ ಸೆನ್ಸರ್ ಇದ್ದೇ ಇರುತ್ತದೆ. ಈ ಸಿಸ್ಟಮ್ ಅದನ್ನೇ ಬಳಸಿಕೊಳ್ಳುತ್ತದೆ. ಗಾಳಿ ಇಳಿದ ಟೈರಿನ ಸುತ್ತಳತೆ ಕೂದಲೆಳೆಯಷ್ಟು ಕಮ್ಮಿಯಾಗುತ್ತದೆ, ಅಷ್ಟಕ್ಕೇ ಅದು ಉಳಿದವಕ್ಕಿಂತ ಚೂರು ಜಾಸ್ತಿ ಸುತ್ತುತ್ತದೆ. ಆ ವ್ಯತ್ಯಾಸ ಸಿಕ್ಕಿದರೆ ಲೈಟ್. ರಿಸೆಟ್ ಒತ್ತಿದರೆ "ಈಗ ಇರುವುದೇ ಸರಿ" ಎಂದು ಹೇಳಿಕೊಟ್ಟಂತೆ. ನಾನು 24ನ್ನೇ ಸರಿ ಎಂದು ಕಲಿಸಿಬಿಟ್ಟಿದ್ದೆ. ಪಾಪ, ಅದು ನಂಬಿಕೊಂಡು ಓಡಿತು. ನಾಲ್ಕೂ ಒಟ್ಟಿಗೆ ನಿಧಾನವಾಗಿ ಇಳಿದರೂ ಹಳೆಯ ಇಂಡೈರೆಕ್ಟ್ ಸಿಸ್ಟಮ್‌ಗಳಿಗೆ ಗೊತ್ತಾಗುವುದಿಲ್ಲ. ಹೊಸವು ಚಕ್ರದ ಕಂಪನವನ್ನೂ ನೋಡುತ್ತವೆ, ಹಾಗಾಗಿ ಸ್ವಲ್ಪ ಮೇಲು.

ಡೈರೆಕ್ಟ್ ಸಿಸ್ಟಮ್‌ನಲ್ಲಿ ಸಾಮಾನ್ಯವಾಗಿ ವಾಲ್ವಿನ ಬುಡದಲ್ಲಿ, ರಿಮ್ಮಿನ ಒಳಗೆ ಸೆನ್ಸರ್ ಕೂತಿರುತ್ತದೆ. ಒತ್ತಡ, ಬಿಸಿ ಎರಡನ್ನೂ ಅಳೆದು ರೇಡಿಯೋದಲ್ಲಿ ಕಳಿಸುತ್ತದೆ, 315 ಅಥವಾ 433 ಮೆಗಾಹರ್ಟ್ಸ್‌ನಲ್ಲಿ. ಎಷ್ಟೋ ಕಾರುಗಳಲ್ಲಿ ಯಾವ ಚಕ್ರದಲ್ಲಿ ಎಷ್ಟು ಗಾಳಿ ಎಂದು ಅಂಕಿಯೇ ಕಾಣುತ್ತದೆ. ನನ್ನನ್ನು ಕೇಳಿದರೆ ನಾನು ಇದನ್ನೇ ಆರಿಸುತ್ತೇನೆ. ಆದರೆ ಇದರದ್ದೂ ತಲೆನೋವು ಇದೆ. ಬ್ಯಾಟರಿ ಸೆನ್ಸರ್ ಒಳಗೇ ಸೀಲ್ ಆಗಿರುತ್ತದೆ. ಐದರಿಂದ ಹತ್ತು ವರ್ಷಕ್ಕೆ ಖಾಲಿಯಾದರೆ ಸಾಮಾನ್ಯವಾಗಿ ಇಡೀ ಸೆನ್ಸರ್ ಬದಲಿಸಬೇಕು. ಟೈರ್ ಬಿಚ್ಚುವಾಗ ಮೆಷಿನ್ನಿನ ಒತ್ತು ವಾಲ್ವಿನ ಪಕ್ಕಕ್ಕೇ ಬಿತ್ತೋ, ಸೆನ್ಸರ್ ಮುರಿದು ಒಳಗಿಂದ 'ಟಕ್' ಎನ್ನುತ್ತದೆ. ಆ ಸದ್ದು ನಾನೂ ಕೇಳಿದ್ದೇನೆ, ಬಿಡಿ. ಅಲ್ಯೂಮಿನಿಯಂ ವಾಲ್ವಿಗೆ ಸುಮ್ನೆ ಸಿಕ್ಕಿದ ಹಿತ್ತಾಳೆ ಪಿನ್ ಹಾಕಿದರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ನಿಕಲ್ ಲೇಪದ್ದೇ ಹಾಕಬೇಕು.

ಯಾವುದೇ ಸಿಸ್ಟಮ್ ಆಗಲಿ, ಲೈಟ್ ಬರುವುದೇ ತಡವಾಗಿ. ಅಮೆರಿಕದ ನಿಯಮದಲ್ಲಿ ಸ್ಟಿಕ್ಕರ್ ಅಳತೆಗಿಂತ 25 ಶೇಕಡಾ ಇಳಿದಾಗ ಎಚ್ಚರಿಸಿದರೆ ಸಾಕು. ಅಂದರೆ 33 ಇರಬೇಕಾದಲ್ಲಿ 27 ಇದ್ದರೂ ಅದು ಸುಮ್ಮನಿರಬಹುದು. ಚಳಿಯ ಬೆಳಿಗ್ಗೆ ಲೈಟ್ ಬಂದು, ಓಡಿಸಿದ ಮೇಲೆ ಆರುವುದಕ್ಕೂ ಕಾರಣವಿದೆ: ಐದಾರು ಡಿಗ್ರಿ ತಣ್ಣಗಾದರೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ.

ಇನ್ನು, ಕಾರು ಶುರು ಮಾಡಿದಾಗ ಲೈಟ್ ಒಂದು ನಿಮಿಷಕ್ಕೂ ಜಾಸ್ತಿ ಮಿಣುಕಿ ಆಮೇಲೆ ಆರದೆ ಉರಿಯುತ್ತಲೇ ಇದ್ದರೆ ಗಾಳಿಯದ್ದಲ್ಲ, ಸಿಸ್ಟಮ್‌ನದ್ದೇ ತೊಂದರೆ. ಸ್ಕ್ಯಾನರ್ ಹಿಡಿಯುವ ಮೊದಲು ನಾನು ಒಂದು ಮಾತು ಕೇಳುತ್ತೇನೆ: "ಸ್ಟೆಪ್ನಿ ಏನಾದ್ರೂ ಹಾಕಿದ್ದೀರಾ?" ಎಷ್ಟೋ ಸ್ಟೆಪ್ನಿಗಳಲ್ಲಿ ಸೆನ್ಸರ್ ಇರುವುದೇ ಇಲ್ಲ.