ಮೊಳೆ ಪೆಟ್ಟಿಗೆಯಿಂದ 486ಕ್ಕೆ

ನಾನು ಮೊದಲು ಕೈಯಿಟ್ಟ ಕಂಪ್ಯೂಟರ್ ಒಂದು 486. ಸ್ವಂತದ್ದಲ್ಲ, ಹುಬ್ಬಳ್ಳಿಯ ಒಂದು ಪ್ರೆಸ್ಸಿನದು. ವರ್ಷ 1994. ವಿಂಡೋಸ್ 3.1, ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ 5, 14 ಇಂಚಿನ ಮಾನಿಟರ್, ಪಕ್ಕದಲ್ಲಿ ಒಂದು ಲೇಸರ್ ಪ್ರಿಂಟರ್. ಕನ್ನಡಕ್ಕೆ ಬೇರೆ ಪ್ಯಾಕೇಜ್ ಕೊಳ್ಳಬೇಕಿತ್ತು. ಅದರ ಜೊತೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಲಾಕ್ ಬರುತ್ತಿತ್ತು. ಅದನ್ನು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸದಿದ್ದರೆ ಕನ್ನಡ ಮೂಡುತ್ತಲೇ ಇರಲಿಲ್ಲ. ಸಂಜೆ ಬಾಗಿಲು ಹಾಕುವಾಗ ಮಾಲೀಕರು ಗಲ್ಲಾದ ದುಡ್ಡಿನ ಜೊತೆ ಆ ಲಾಕನ್ನೂ ಮನೆಗೆ ಒಯ್ಯುತ್ತಿದ್ದರು.

ಚಪ್ಪಲಿ ಹೊರಗೆ ಬಿಡುವುದು, ಫೈಲಿಗೆ ಎಂಟೇ ಅಕ್ಷರದ ಹೆಸರು, ಕರೆಂಟು ಹೋದರೆ ಎದೆ ಧಸಕ್ ಅನ್ನುವುದು, ಇದನ್ನೆಲ್ಲ ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತಿದ್ದ ಡಿಟಿಪಿಯವರು ಯಾರೇ ಆದರೂ ಹೇಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ನೆನಪಿರುವುದು ಆ ಪ್ರೆಸ್ಸಿನ ಹಳೇ ಕಂಪೋಸಿಟರ್. ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಅರ್ಧ ಆಯುಷ್ಯ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಿದವರು. ಆ ಮೊಳೆಯಿಂದ ಅಚ್ಚು ಹಾಕುವ ಟ್ರೆಡಲ್ ಮಶೀನು ಮೂಲೆ ಸೇರಿದ ಮೇಲೆ ಅವರಿಗೆ ಕರಡು ತಿದ್ದುವ ಕೆಲಸ. "ಈ ಹುಡುಗಗ ಒತ್ತಕ್ಷರ ಗೊತ್ತಾಗೂದಿಲ್ಲ, ನೀವು ಬಾಜೂಕ ಕೂಡ್ರಿ" ಎಂದು ಮಾಲೀಕರು ಅವರನ್ನು ನನ್ನ ಪಕ್ಕ ಕೂರಿಸಿದ್ದರು.

ಮಾನಿಟರಿನ ಬದಿಗೆ ರಟ್ಟಿನ ಮೇಲೆ ಅಂಟಿಸಿದ ಒಂದು ಪಟ್ಟಿ ಇತ್ತು. ಕೀಬೋರ್ಡಿನಲ್ಲಿ ಸಿಗದ ಅಕ್ಷರದ ಚೂರುಗಳನ್ನು ಆಲ್ಟ್ ಒತ್ತಿ ಯಾವ ನಂಬರಿನಿಂದ ತರಬೇಕು ಎಂಬ ಪಟ್ಟಿ. ಕಾಕಾ ಕನ್ನಡಕ ಏರಿಸಿ ಅದನ್ನು ಮೇಲಿಂದ ಕೆಳಗಿನವರೆಗೆ ಓದಿದರು. "ಇದು ನಮ್ಮ ಕೇಸೇ ಐತಲ್ಲೋ ತಮ್ಮಾ. ಮೊಳಿ ಒಳಗ ಹೋಗ್ಯಾವ, ಅಷ್ಟ" ಎಂದರು.

ಕೇಸು ಎಂದರೆ ಮೊಳೆಗಳನ್ನು ಇಡುವ ಮರದ ಪೆಟ್ಟಿಗೆ. ಒತ್ತಿಗೊಂದು ಖಾನೆ, ಕೊಂಬಿಗೊಂದು ಖಾನೆ. ನನಗೆ ಆಗ ಅದು ಸುಮ್ನೆ ಹಳೇ ಕಾಲದವರ ಮಾತು ಅನ್ನಿಸಿತ್ತು. ಆದರೆ ಆ ಯಂತ್ರದ ಒಳಗೆ ಏನಾಗುತ್ತಿತ್ತು ಎಂಬುದನ್ನು ಆ ರೂಮಿನಲ್ಲಿ ಸರಿಯಾಗಿ ಹಿಡಿದವರು ಅವರೊಬ್ಬರೇ. ಇವತ್ತು ನನ್ನ ಕೆಲಸವೇ ಹಳೇ ಕನ್ನಡ ಫೈಲುಗಳನ್ನು ಯೂನಿಕೋಡಿಗೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿಗೆ, ತಂದು ಮರುಮುದ್ರಣಕ್ಕೆ ಸಿದ್ಧ ಮಾಡುವುದು. ಆ ಒಂದು ಮಾತು ದಿನಕ್ಕೊಮ್ಮೆಯಾದರೂ ಕೆಲಸಕ್ಕೆ ಬರುತ್ತದೆ.

ಆಗಿನ ಫಾಂಟ್ ಎಂದರೆ 256 ಖಾನೆಗಳ ಪೆಟ್ಟಿಗೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷೇ. ಎಲ್ಲರಿಗೂ ಗೊತ್ತಿರುವ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟನ್ನೇ ತೆಗೆದುಕೊಳ್ಳಿ. ಅದರಲ್ಲಿ 'ಕನ್ನಡ' ಎಂದು ಟೈಪ್ ಮಾಡಿ, ಆಮೇಲೆ ಫಾಂಟ್ ತೆಗೆದುಬಿಡಿ. ಕಾಣುವುದು ಇಷ್ಟು: ದೊಡ್ಡ ಪಿ, ತಲೆ ಮೇಲೆ ಗೆರೆಯಿರುವ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನಿನ ಒಂದು ಎಸ್, ಚಿಕ್ಕ ಕ್ಯೂ, ಕೊನೆಗೆ ಮತ್ತೆ ಅದೇ ಎ. ಆ ಗೆರೆಯ ಎ ನಮ್ಮ ತಲೆಕಟ್ಟು. ಜರ್ಮನ್ ಎಸ್ ನಮ್ಮ ನ-ಒತ್ತು. ಸರ್ಕಾರಿ ಆದೇಶದ ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಲು ಹೋಗಿ ತಲೆ ಚಚ್ಚಿಕೊಂಡವರಿಗೆ ಈ ಸಾಲು ಚೆನ್ನಾಗಿ ಪರಿಚಯ ಇರುತ್ತದೆ.

ಇನ್ನೂ ಮಜಾ ಇದೆ. ಅದೇ ಫಾಂಟಿನಲ್ಲಿ 'ಮ' ಎಂಬ ಅಕ್ಷರವೇ ಇಲ್ಲ. 'ವ' ಬರೆದು ಪಕ್ಕಕ್ಕೆ ಕೊಂಬು ಕೊಟ್ಟರೆ 'ಮ'. ಹಾಗಾಗಿ 'ಅವ' ಎಂದು ಹುಡುಕಿದರೆ 'ಅಮರ'ದಲ್ಲೂ ಬಂದು ನಿಲ್ಲುತ್ತದೆ. 'ಯ' ಶುರುವಾಗುವುದೇ 'ಅಂ'ನಲ್ಲಿ ಬರುವ ಸೊನ್ನೆಯಿಂದ. ಸೊನ್ನೆ ಹುಡುಕಿದರೆ ಪುಸ್ತಕದ ಅಷ್ಟೂ 'ಯ'ಗಳು ಎದ್ದು ನಿಲ್ಲುತ್ತವೆ. ಹುಡುಕಿ ಬದಲಿಸುವ ಗುಂಡಿಯನ್ನು ಕನ್ನಡದಲ್ಲಿ ಒತ್ತುವ ಮೊದಲು ನಾವೆಲ್ಲ ಎರಡು ಸಲ ಯೋಚಿಸುತ್ತಿದ್ದದ್ದು ಇದಕ್ಕೇ. ಅಕಾರಾದಿ ಜೋಡಿಸುವುದಂತೂ ಕನಸಿನ ಮಾತು. ಪದಸೂಚಿ ಬೇಕಾದರೆ ಚೀಟಿ ಬರೆದು ಟೇಬಲ್ಲಿನ ಮೇಲೆ ಹರವಿಕೊಂಡು ಕೈಯಲ್ಲೇ ಜೋಡಿಸಬೇಕಿತ್ತು.

ಸಾಫ್ಟ್‌ವೇರ್ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ. ಆದರೆ ಆಗ ಬೇಕಿದ್ದದ್ದು ಕಾಗದದ ಮೇಲೆ ಸರಿಯಾಗಿ ಬೀಳುವ ಅಕ್ಷರ. ಬಟರ್ ಪೇಪರಿನ ಮೇಲೆ ಪ್ರಿಂಟ್ ತೆಗೆದು, ಪ್ಲೇಟ್ ಮಾಡಿ, ಮಿನಿ ಆಫ್‌ಸೆಟ್‌ಗೆ ಹಾಕಿದರೆ ಮುಗಿಯಿತು. ಅಷ್ಟರ ಮಟ್ಟಿಗೆ ಆ ಫಾಂಟುಗಳು ತುಂಬಾ ಚೆನ್ನಾಗಿದ್ದವು. ಈಗಿನ ಕೆಲವು ಯೂನಿಕೋಡ್ ಫಾಂಟುಗಳಿಗಿಂತ ಒತ್ತು ಚೆಂದ ಕೂರುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಅದರಲ್ಲೇ ಕನ್ನಡವೂ ಇತ್ತು. ಅಂದರೆ ನಾನು ಆಲ್ಟ್ ಒತ್ತಿ ನಂಬರು ಹೊಡೆಯುವ ಹೊತ್ತಿಗೆ ಪರಿಹಾರ ಕಾಗದದ ಮೇಲೆ ಸಿದ್ಧವಾಗಿತ್ತು. ವಿಂಡೋಸಿಗೆ ಯೂನಿಕೋಡ್ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಪುಟ ವಿನ್ಯಾಸಕ್ಕೆ ನಾವು ಬಳಸುವ ಇನ್‌ಡಿಸೈನ್‌ನಲ್ಲಿ ಕನ್ನಡ ಸರಿಯಾಗಿ ಕೂರತೊಡಗಿದ್ದು 2012ರ ಸಿಎಸ್6ರಿಂದ. ಪ್ರೆಸ್ಸಿನವರು ಹಳೇ ಫಾಂಟು ಬಿಡುವುದಿಲ್ಲ ಎಂದು ಬೈಯುವವರು ಈ ಇಸವಿಗಳನ್ನು ಒಮ್ಮೆ ನೋಡಬೇಕು.

ಈಗ ನನ್ನ ಹತ್ತಿರ ಬರುವ ಕೆಲಸ ಹೀಗಿರುತ್ತದೆ. ಪ್ರಕಾಶಕರೊಬ್ಬರು ಹಳೇ ಸಿ.ಡಿ. ತಂದು, "ಎಲ್ಲಾ ಇದರಲ್ಲೇ ಇದೆ, ಸುಮ್ನೆ ಪ್ರಿಂಟ್ ಕೊಡಿ" ಅನ್ನುತ್ತಾರೆ. ಸಿ.ಡಿ. ಓದಿದರೆ ಒಳಗೆ ಪೇಜ್‌ಮೇಕರ್ ಫೈಲು. 5ರಲ್ಲಿ ಮಾಡಿದ್ದಾದರೆ ಮೊದಲು 6.5ರಲ್ಲೋ 7ರಲ್ಲೋ ತೆರೆದು ಉಳಿಸಬೇಕು. ಆಮೇಲೆ ಇನ್‌ಡಿಸೈನ್ ಸಿಎಸ್6ರಲ್ಲಿ ತೆರೆಯಬಹುದು. ಅದಕ್ಕಿಂತ ಹೊಸದು ಪೇಜ್‌ಮೇಕರನ್ನು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಒಂದು ಹಳೇ ಯಂತ್ರವನ್ನು ಇಂಟರ್ನೆಟ್ ಕೊಡದೆ ಮೂಲೆಯಲ್ಲಿ ಸಾಕಿಕೊಂಡಿದ್ದೇನೆ.

ಪಠ್ಯ ಹೊರಗೆ ಬಂದ ಮೇಲೆ ಯಾವ ಕಂಪನಿಯ ಫಾಂಟು ಎಂದು ನೋಡಬೇಕು. ಒಬ್ಬೊಬ್ಬರದು ಒಂದೊಂದು ಪೆಟ್ಟಿಗೆ, ಖಾನೆಗಳ ಜಾಗವೇ ಬೇರೆ. ಸರಿಯಾದ ಪರಿವರ್ತಕ ಸಿಕ್ಕರೆ ಮುಕ್ಕಾಲು ಕೆಲಸ ಆದಂತೆ. ಉಳಿದ ಕಾಲು ಭಾಗಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಅರ್ಕಾವೊತ್ತು, ಅಂದರೆ 'ಅರ್ಕ'ದಲ್ಲಿ ಬರುವ ರ್, ಮೊದಲ ತಲೆನೋವು. ಕಣ್ಣಿಗೆ ಅದು ಅಕ್ಷರದ ಆಚೆ ಬದಿ ಕಾಣುತ್ತದೆ, ಹಳೇ ಫೈಲಿನಲ್ಲಿ ಟೈಪ್ ಆಗಿರುವುದೂ ಅಲ್ಲೇ. ಯೂನಿಕೋಡಿಗೆ ಮಾತ್ರ ರ ಮೊದಲು ಬರಬೇಕು. ಮಧ್ಯೆ ಎಲ್ಲಾದರೂ ಸ್ಪೇಸ್ ನುಸುಳಿದ್ದರೆ ಅದು ಹಿಂದಿನ ಅಕ್ಷರಕ್ಕೆ ಹೋಗಿ ತಗುಲಿಕೊಳ್ಳುತ್ತದೆ. ಬೇಡದ ಕಡೆ ಒತ್ತು ಕೂಡುವುದು ಇನ್ನೊಂದು: ಆಫ್‌ಸೆಟ್ ಎಂಬುದು ಆಫ್ಸೆಟ್ ಆಗಿಬಿಡುತ್ತದೆ. ಕೆಲವು ಫಾಂಟುಗಳಲ್ಲಿ ಇಂಗ್ಲಿಷ್ ಅಂಕಿಯ ಖಾನೆಯಲ್ಲೇ ಕನ್ನಡ ಅಂಕಿ ಇರುತ್ತದೆ. ೧೯೫೬ ಎಂದಿದ್ದದ್ದು ಹೊರಗೆ ಬಂದಾಗ 1956.

ಹೀಗಾಗಿ ನನ್ನ ಜೊತೆ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಮೊದಲ ವಾರ ಪುಟ ಕಟ್ಟಲು ಬಿಡುವುದಿಲ್ಲ. ಅಚ್ಚಾದ ಹಳೇ ಪುಸ್ತಕ ಒಂದು ಕೈಯಲ್ಲಿ, ಪರಿವರ್ತಿಸಿದ ಪಠ್ಯ ಎದುರಿಗೆ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡಬೇಕು. ಕಾಕಾ ಗ್ಯಾಲಿ ಪ್ರೂಫ್ ನೋಡುತ್ತಿದ್ದದ್ದೂ ಹೀಗೆಯೇ. ಸ್ಕ್ರೀನಿನ ಮೇಲೆ ಚೆನ್ನಾಗಿ ಕಂಡರೆ ಸಾಲದು, ಒಂದು ಪದ ಹುಡುಕಿ ನೋಡು, ಸಿಗುತ್ತದಾ ಎಂದು ಕೇಳುತ್ತೇನೆ. ಕಣ್ಣಿಗೆ ಕನ್ನಡವಾಗಿದ್ದು ಹುಡುಕಿದರೆ ಸಿಗದ ಪಠ್ಯ ಇವತ್ತೂ ಬೇಕಾದಷ್ಟು ತಯಾರಾಗುತ್ತಿದೆ. ಸ್ಕ್ಯಾನ್ ಮಾಡಿ ಮೇಲೇರಿಸುವ ಸುತ್ತೋಲೆ, ಚಿತ್ರವಾಗಿ ಹಂಚುವ ಲಗ್ನಪತ್ರಿಕೆ, ಎಲ್ಲಾ ಅದೇ ಜಾತಿ. ಲಗ್ನಪತ್ರಿಕೆ ಬಿಡಿ, ಮದುವೆ ಮುಗಿದ ಮೇಲೆ ಯಾರಿಗೂ ಬೇಡ. ಸುತ್ತೋಲೆ ಹಾಗಲ್ಲ ಅಲ್ವಾ?

ಪುಸ್ತಕ ಅಚ್ಚಿಗೆ ಹೋದ ಮೇಲೆ ಪ್ರಕಾಶಕರಿಗೆ ಪಿಡಿಎಫ್ ಜೊತೆ ಬರೀ ಪಠ್ಯದ ಯೂನಿಕೋಡ್ ಫೈಲು ಕೊಡುತ್ತೇನೆ, ಇನ್‌ಡಿಸೈನ್ ಫೈಲೂ ಬಳಸಿದ ಫಾಂಟುಗಳ ಹೆಸರೂ ಇರುತ್ತವೆ. ಕೊನೇ ಕರಡಿನಲ್ಲಿ ಮಾಡಿದ ತಿದ್ದುಪಡಿ ಪುಟದಲ್ಲಿ ಮಾತ್ರ ಉಳಿದು ಪಠ್ಯಕ್ಕೆ ಬರದೇ ಹೋಗುವುದು ಮಾಮೂಲು. ಅದಕ್ಕೇ ಈ ಪಠ್ಯವನ್ನು ಅಚ್ಚಿಗೆ ಹೋದ ಪುಟದ ಫೈಲಿನಿಂದಲೇ ಹೊರತೆಗೆದು ಕೊಡುತ್ತೇನೆ. ಅದಕ್ಕೆ ಬೇರೆ ದುಡ್ಡಿಲ್ಲ. ಮೊನ್ನೆ ಒಬ್ಬರು, "ಈ ಪಠ್ಯ ತಗೊಂಡು ನಾನೇನು ಮಾಡ್ಲಿ? ಪಿಡಿಎಫ್ ಇದ್ದರೆ ಆಯ್ತಲ್ಲ" ಎಂದರು. "ಮುಂದಿನ ಮುದ್ರಣಕ್ಕೆ ನನ್ನ ಹತ್ತಿರವೇ ಬರಬೇಕಾಗಿಲ್ಲ, ಅದಕ್ಕೆ ಸಾರ್" ಎಂದೆ. ಅವರು ತಕ್ಷಣ ಪೆನ್‌ಡ್ರೈವ್ ತೆಗೆದರು.