"ಯಾಕೆ ಹೊಡೆದೆ?" ಅಂತ ಕೇಳೋದು ಬಿಟ್ಟ ಮೇಲೆ

ಹನ್ನೊಂದು ವರ್ಷದಿಂದ ಅಂಗನವಾಡಿ ಟೀಚರ್ ಆಗಿದ್ದೀನಿ. "ಯಾಕೆ ಹೊಡೆದೆ? ಯಾಕೆ ಕಿತ್ಕೊಂಡೆ?" ಅಂತ ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದೆನೋ ಲೆಕ್ಕವಿಲ್ಲ. ಮಕ್ಕಳು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಹಟ ಅಂದುಕೊಂಡಿದ್ದೆ.

ಹೋದ ವರ್ಷ ಮೂರೂವರೆ ವರ್ಷದ ಹುಡುಗನೊಬ್ಬ ಪಕ್ಕದವಳ ಬೆನ್ನಿಗೆ ಗುದ್ದಿದ. "ಯಾಕೋ?" ಅಂದೆ. ಬಾಯಿ ಬಿಡಲಿಲ್ಲ. ಆಮೇಲೆ ನಮ್ಮ ಸಹಾಯಕಿ ಅಕ್ಕ ಮೊಟ್ಟೆ ಸುಲಿದು ಕೊಡುತ್ತಾ "ಏನಾಯ್ತು ಮರಿ?" ಅಂದರು. "ನನ್ ಚಪ್ಲಿ ಹಾಕ್ಕೊಂಡ್ಲು. ಮನೆಗೆ ತಗೊಂಡೋಗ್ತಾಳೆ ಅಂತ..." ಅಂದ.

ಕಾರಣ ಅವನ ಹತ್ತಿರ ಇತ್ತು. ನನ್ನ 'ಯಾಕೆ' ಅವನ ಕಿವಿಗೆ ಬೈಗುಳವಾಗಿ ಬಿದ್ದಿತ್ತು, ಅಷ್ಟೇ.

ಅವತ್ತಿನಿಂದ ಆ 'ಅಂತ'ದ ಮೇಲೆ ಕಿವಿ ಇಟ್ಟೆ. ನಮ್ಮ ಮಾತಿನಲ್ಲಿ ಅದು ಎಷ್ಟೊಂದು ಕೆಲಸ ಮಾಡುತ್ತೆ ಅಲ್ವಾ? "ಅಮ್ಮ ಬಾ ಅಂತ ಕರೆದಳು", ಇಲ್ಲಿ ಬಾಯಲ್ಲಿ ಹೇಳಿದ್ದು. "ಮಳೆ ಬರುತ್ತೆ ಅಂತ ಕೊಡೆ ತಂದೆ", ಇಲ್ಲಿ ಮನಸ್ಸಲ್ಲಿ ಅಂದುಕೊಂಡಿದ್ದು, ಕಾರಣವೂ ಅದೇ. 'ಯಾಕಂದ್ರೆ' ಮಾತ್ರ ಚಿಕ್ಕವರಿಗೆ ತಿರುಗುಮುರುಗಾಗುತ್ತೆ. "ನಾನು ಬಿದ್ದೆ, ಯಾಕಂದ್ರೆ ಅತ್ತೆ" ಅಂತಾರೆ. ತಿದ್ದುವುದಿಲ್ಲ. "ಓ, ಬಿದ್ದೆ, ಅದಕ್ಕೆ ಅತ್ತೆಯಾ?" ಅಂತ ಸುಮ್ನೆ ನಾನೊಮ್ಮೆ ಹೇಳುತ್ತೇನೆ.

ಒಂದು ದಿನ ಹುಡುಗಿಯೊಬ್ಬಳು ಗೊಂಬೆಯನ್ನು ಬುಟ್ಟಿಯಲ್ಲಿಟ್ಟು ಕೈ ತೊಳೆಯಲು ಹೋದಳು. ಉಳಿದವರ ಎದುರೇ ಅದನ್ನು ಚಾಪೆ ಕೆಳಗಿಟ್ಟೆ. "ಬಂದು ಎಲ್ಲಿ ಹುಡುಕ್ತಾಳೆ?" ಮೂರು ವರ್ಷದವರು ಚಾಪೆ ಕಡೆ ಕೈ ತೋರಿಸಿದರು. ಐದು ವರ್ಷದವನು "ಬುಟ್ಟೀಲಿ. ಅವಳು ನೋಡೇ ಇಲ್ವಲ್ಲ" ಅಂದ. 1983ರಲ್ಲಿ ವಿಮ್ಮರ್ ಮತ್ತು ಪೆರ್ನರ್ ಎಂಬ ಸಂಶೋಧಕರು ಜಾಗ ಬದಲಾದ ಚಾಕೊಲೇಟಿನ ಕಥೆ ಹೇಳಿ ಇದನ್ನೇ ಕೇಳಿದ್ದರು. ಬೇರೆಯವರಿಗೆ ಗೊತ್ತಿರುವುದೇ ಬೇರೆ ಅನ್ನೋದು ಹೆಚ್ಚಿನ ಮಕ್ಕಳಿಗೆ ನಾಲ್ಕೈದು ವರ್ಷದ ಹೊತ್ತಿಗೆ ಹಿಡಿತಕ್ಕೆ ಬರುತ್ತೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು 2003ರ ಇನ್ನೊಂದು ಪ್ರಯೋಗ. ಲೋಮನ್ ಮತ್ತು ಟೊಮಾಸೆಲ್ಲೊ ಎಂಬ ಸಂಶೋಧಕರು ಮೂರು ವರ್ಷದ ಮಕ್ಕಳಿಗೆ ನೋಡಲು ಒಂದು, ನಿಜಕ್ಕೂ ಇನ್ನೊಂದು ಆಗಿರುವ ವಸ್ತುಗಳನ್ನು ತೋರಿಸಿದರು. ಮಾತಾಡದೆ ಬರೀ ತೋರಿಸಿದರೆ ಪ್ರಯೋಜನವಾಗಲಿಲ್ಲ. ಮೊದಲು ಏನಂದ್ಕೊಂಡೆ, ಈಗ ಏನಂತೀಯ ಅಂತ ಮಾತಾಡಿಸಿದಾಗ, ಬೇರೆಯವರು ಬೇರೆ ಥರ ಅಂದ್ಕೊಂಡಿರಬಹುದು ಅನ್ನೋದು ಮಕ್ಕಳಿಗೆ ಹೆಚ್ಚು ಹೊಳೆಯಿತು.

ಹಾಗಾಗಿ ಈಗ ನಾನೇ ಕಾರಣ ಬಾಯಿಬಿಟ್ಟು ಹೇಳುತ್ತೇನೆ. "ಧೂಳು ಬರುತ್ತೆ ಅಂತ ಕಿಟಕಿ ಹಾಕ್ತಿದ್ದೀನಿ." ಜಗಳವಾದರೆ, ಮೊದಲು ಪಕ್ಕದಲ್ಲಿ ಕೂತು "ಅವಳು ಏನು ಮಾಡ್ತಾಳೆ ಅಂದ್ಕೊಂಡೆ?" ಅಂತೇನೆ. ಆಮೇಲೆ "ಅವಳು ಏನಂದ್ಕೊಂಡಿದ್ಲು? ಕೇಳೋಣ್ವಾ?" ಸಮಯ ಹಿಡಿಯುತ್ತೆ. ಊಟ ಬಡಿಸೋದು ಹತ್ತು ನಿಮಿಷ ತಡವಾಗಿದ್ದೂ ಇದೆ.

ಮೊನ್ನೆ ಮನೆಗೆ ಹೊರಡುವಾಗ ಅದೇ ಹುಡುಗನ ಚಪ್ಪಲಿ ಮತ್ತೆ ಬೇರೊಬ್ಬಳ ಕಾಲಲ್ಲಿತ್ತು. ನಾನು ಏಳುವಷ್ಟರಲ್ಲಿ ಅವನೇ ಬಂದ. "ಟೀಚರ್, ಅವಳದ್ದು ಅಂದ್ಕೊಂಡು ಹಾಕ್ಕೊಂಡಿದ್ದಾಳೆ. ಎರಡೂ ಕೆಂಪು." ಅವಳ ಚಪ್ಪಲಿ ಅವನ ಕೈಯಲ್ಲಿತ್ತು.