ಎಡಿನ್‌ಬರಾದಲ್ಲಿ ಗಾಲ್ಫ್‌ನ ಜಾಡು ಹಿಡಿದು ನಾಲ್ಕು ದಿನ

ಬೆಂಗಳೂರಿನ ಸ್ಯಾಂಕಿ ರಸ್ತೆಯಲ್ಲಿ ಓಡಾಡಿದವರಿಗೆ ಆ ಬೇಲಿ ಗೊತ್ತಿರುತ್ತದೆ. ಒಳಗೆ ಹಸಿರು ಹುಲ್ಲು, ದೊಡ್ಡ ಮರಗಳು, ದೂರದಲ್ಲಿ ನಾಲ್ಕೈದು ಜನ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಅದು. ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಗಾಲ್ಫ್ ಅಂದರೆ ಬೇಲಿಯ ಆಚೆಗಿನ ಆಟ ಅಂತ ಅವತ್ತಿನಿಂದಲೇ ತಲೆಯಲ್ಲಿ ಕೂತುಬಿಟ್ಟಿತ್ತು.

ಕಳೆದ ವರ್ಷ ಜೂನ್‌ನಲ್ಲಿ ನಾನು, ನಮ್ಮೆಜಮಾನರು, ಮಗ ಮೂವರೂ ಸ್ಕಾಟ್ಲೆಂಡ್‌ನ ರಾಜಧಾನಿ ಎಡಿನ್‌ಬರಾಗೆ ಹೋಗಿದ್ದೆವು. ಬಹಳ ಜನ ಎಡಿನ್‌ಬರ್ಗ್ ಅಂತ ಓದುತ್ತಾರೆ, ಆದರೆ ಊರಿನವರು ಹೇಳೋದು ಎಡಿನ್‌ಬರಾ. ಮಗನಿಗೆ ಗಾಲ್ಫ್ ಹುಚ್ಚು, ನನಗೆ ಹಳೆಯ ಊರುಗಳ ಹುಚ್ಚು. ಇಬ್ಬರದ್ದೂ ಬೇರೆ ಬೇರೆ ಪಟ್ಟಿ ಆಗುತ್ತದೆ ಅಂದುಕೊಂಡಿದ್ದೆ. ಅಲ್ಲಿ ಹೋಗಿ ನೋಡಿದರೆ ಎರಡೂ ಒಂದೇ ದಾರಿ. ಅದೇ ದಾರಿಯಲ್ಲಿ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮೊದಲು ಒಂದೆರಡು ಮಾತು. ಬ್ರಿಟನ್ ವೀಸಾ ಇದ್ದರೆ ಸ್ಕಾಟ್ಲೆಂಡ್‌ಗೆ ಬೇರೆ ವೀಸಾ ಬೇಡ. ಲಂಡನ್‌ನ ಕಿಂಗ್ಸ್ ಕ್ರಾಸ್‌ನಿಂದ ರೈಲಿನಲ್ಲಿ ಸುಮಾರು ನಾಲ್ಕೂವರೆ ಗಂಟೆ. ಆಗಸ್ಟ್‌ನಲ್ಲಿ ಉತ್ಸವಗಳ ಗದ್ದಲ, ರೂಮಿನ ಬಾಡಿಗೆ ವಿಪರೀತ. ಮೇ, ಜೂನ್ ಒಳ್ಳೆಯದು, ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಕೊಡೆ ನಂಬಬೇಡಿ, ಆ ಗಾಳಿಗೆ ಮಗುಚಿಕೊಳ್ಳುತ್ತದೆ. ಟೋಪಿ ಇರುವ ಮಳೆ ಜಾಕೆಟ್ ಇರಲಿ. ಚಪ್ಪಲಿ ಬೇಡವೇ ಬೇಡ. ಊರೆಲ್ಲ ಏರಿಳಿತ, ಕಲ್ಲು ಹಾಸಿದ ರಸ್ತೆ.

ಮೊದಲ ಬೆಳಿಗ್ಗೆ ಕೋಟೆಗೆ ಹೋಗಿ. ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ, ದಿನದ ಮೊದಲ ಹೊತ್ತಿನದೇ ಆದರೆ ಇನ್ನೂ ಒಳ್ಳೆಯದು. ನಾವು ಅಲ್ಲೇ ಹೋಗಿ ತೆಗೆದುಕೊಂಡರಾಯಿತು ಅಂದುಕೊಂಡು ಒಂದು ಇಡೀ ಬೆಳಿಗ್ಗೆ ಕಳೆದುಕೊಂಡೆವು. ಕೋಟೆ ಕೂತಿರುವುದು ಯಾವುದೋ ಕಾಲದಲ್ಲಿ ತಣ್ಣಗಾದ ಜ್ವಾಲಾಮುಖಿಯ ಗಂಟಲಿನ ಮೇಲೆ. ಆಮೇಲೆ ಹಿಮಯುಗದಲ್ಲಿ ಪಶ್ಚಿಮದಿಂದ ಹರಿದು ಬಂದ ಹಿಮನದಿ ಈ ಗಟ್ಟಿ ಬಂಡೆಗೆ ಬಡಿದು ಎರಡು ಕಡೆಗೂ ಸೀಳಿ ಹೋಯಿತು. ಬಂಡೆಯ ಹಿಂದೆ, ಪೂರ್ವಕ್ಕೆ, ಉದ್ದ ಬಾಲದ ಥರ ಒಂದು ಇಳಿಜಾರು ದಿಣ್ಣೆ ಉಳಿಯಿತು. ಹಳೆಯ ಊರು ಇಷ್ಟೇ: ತಲೆಯ ಮೇಲೆ ಕೋಟೆ, ಬಾಲದ ಮೇಲೆ ಒಂದೇ ಒಂದು ಬೀದಿ. ಈಗ ಅದನ್ನು ರಾಯಲ್ ಮೈಲ್ ಅನ್ನುತ್ತಾರೆ. ಇದೊಂದು ಮನಸ್ಸಿನಲ್ಲಿದ್ದರೆ ಊರು ತಾನಾಗಿಯೇ ಅರ್ಥವಾಗುತ್ತದೆ.

ಈ ಬಂಡೆಯ ಮೇಲೆ ಕ್ರಿಸ್ತಪೂರ್ವ 900ರ ಹೊತ್ತಿಗೇ ಜನ ಇದ್ದರು. ಆಮೇಲೆ ಗೊಡೊದಿನ್ ಎಂಬ ಬುಡಕಟ್ಟಿನವರು ಇದನ್ನು ದಿನ್ ಐಡಿನ್ ಎಂದು ಕರೆದರು. ದಿನ್ ಎಂದರೆ ಕೋಟೆ. ಊರಿನ ಹೆಸರಿನ ಮೊದಲ ಅರ್ಧ ಬಂದದ್ದು ಅಲ್ಲಿಂದ. 638ರ ಸುಮಾರಿಗೆ ಇದು ಇಂಗ್ಲಿಷರ ಪೂರ್ವಜರಾದ ಆಂಗಲ್‌ರ ಕೈಗೆ ಹೋಯಿತು, ಹತ್ತನೇ ಶತಮಾನದಲ್ಲಿ ಸ್ಕಾಟರ ಕೈಗೆ. ಆ ಹಳೆಯ ಕಾಲದ್ದು ಕಣ್ಣಿಗೆ ಕಾಣುವಂತೆ ಏನೂ ಉಳಿದಿಲ್ಲ. ಉಳಿದಿರುವುದರಲ್ಲಿ ಎಲ್ಲಕ್ಕಿಂತ ಹಳೆಯದು ಸೇಂಟ್ ಮಾರ್ಗರೆಟ್ ಚಾಪೆಲ್. ರಾಜ ಒಂದನೇ ಡೇವಿಡ್ ತನ್ನ ತಾಯಿ ಮಾರ್ಗರೆಟ್‌ಳ ನೆನಪಿಗೆ ಸುಮಾರು 1130ರಲ್ಲಿ ಕಟ್ಟಿಸಿದ ಪುಟ್ಟ ಕಲ್ಲಿನ ಗುಡಿ ಅದು. ನಮ್ಮೂರ ಹಳೆಯ ಈಶ್ವರನ ಗುಡಿಯಷ್ಟೇ ಗಾತ್ರ. ಒಳಗೆ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ.

ಚಾಪೆಲ್ ಹೊರಗೇ ಮಾನ್ಸ್ ಮೆಗ್ ಎಂಬ ದೈತ್ಯ ಫಿರಂಗಿ ಇದೆ. ಎಲ್ಲರೂ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನೀವು ಸ್ವಲ್ಪ ನಿಲ್ಲಿ, ಗಾಲ್ಫ್ ಕಥೆ ಶುರುವಾಗುವುದೇ ಇಲ್ಲಿ. ಇದು ಬರ್ಗಂಡಿಯ ಡ್ಯೂಕ್ 1457ರಲ್ಲಿ ಸ್ಕಾಟ್ಲೆಂಡ್‌ನ ಎರಡನೇ ಜೇಮ್ಸ್ ರಾಜನಿಗೆ ಕೊಟ್ಟ ಉಡುಗೊರೆ. ಅದೇ ಹೊತ್ತಿಗೆ, 1457ರ ಮಾರ್ಚ್‌ನಲ್ಲಿ, ಆ ರಾಜನ ಸಂಸತ್ತು ಗಾಲ್ಫ್ ಮತ್ತು ಕಾಲ್ಚೆಂಡಾಟ ನಿಷೇಧಿಸಿತು. ಆಗ ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಹಾಗಾಗಿ ನಮ್ಮ ಲೆಕ್ಕದಲ್ಲಿ ಅದು 1458. ಇಂಗ್ಲೆಂಡಿನ ಜೊತೆ ಯುದ್ಧದ ಭಯ ಯಾವಾಗಲೂ ಇತ್ತು. ಗಂಡಸರು ಭಾನುವಾರ ಚರ್ಚ್ ಬಳಿ ಬಿಲ್ಲು ಹಿಡಿದು ಗುರಿ ಅಭ್ಯಾಸ ಮಾಡಬೇಕಿತ್ತು. ಅವರು ಅದನ್ನು ಬಿಟ್ಟು ಚೆಂಡಿನ ಹಿಂದೆ ಹೋಗುತ್ತಿದ್ದರು. ಸ್ಕಾಟ್ಲೆಂಡ್‌ನಲ್ಲಿ ಗಾಲ್ಫ್ ಎಂಬ ಮಾತು ಬರಹದಲ್ಲಿ ಸಿಗುವುದು ಇದೇ ಮೊದಲು. ನಾಲ್ಕು ಜನ ಸಿರಿವಂತರು ಆಡುತ್ತಿದ್ದರೆ ಕಾನೂನು ಯಾಕೆ ಬೇಕಿತ್ತು? ಬಿಲ್ಲು ಹಿಡಿಯಬೇಕಾದ ಊರ ಜನವೇ ಆಡುತ್ತಿದ್ದರು ಅನ್ನುವುದಕ್ಕೆ ಆ ನಿಷೇಧವೇ ಸಾಕ್ಷಿ ಅಲ್ವಾ?

1471ರಲ್ಲಿ ಮತ್ತೆ ನಿಷೇಧ, 1491ರಲ್ಲಿ ಇನ್ನೊಮ್ಮೆ. ಆಟ ನಿಲ್ಲಲಿಲ್ಲ. 1502ರಲ್ಲಿ ಇಂಗ್ಲೆಂಡ್ ಜೊತೆ ಶಾಂತಿ ಒಪ್ಪಂದವಾಯಿತು. ಅದೇ ವರ್ಷ ನಾಲ್ಕನೇ ಜೇಮ್ಸ್ ಪರ್ತ್ ಊರಿನ ಬಿಲ್ಲು ಮಾಡುವವನಿಂದ ಗಾಲ್ಫ್ ಕೋಲು ತರಿಸಿಕೊಂಡ. ಅದಕ್ಕೆ ದುಡ್ಡು ಕೊಟ್ಟದ್ದು ಅರಮನೆಯ ಖರ್ಚಿನ ಲೆಕ್ಕದಲ್ಲಿ ಇದೆ. ಬಿಲ್ಲು ಬಾಗಿಸುವ ಕೈಯೇ ಕೋಲನ್ನೂ ಮಾಡಿತು.

ಕೋಟೆಯಿಂದ ರಾಯಲ್ ಮೈಲ್ ಇಳಿಯುತ್ತಾ ಬನ್ನಿ. ಶಾಲು, ಬಿಸ್ಕತ್ತಿನ ಅಂಗಡಿಗಳನ್ನು ಬೇಗ ದಾಟಿ. ಎಡಬಲಕ್ಕೆ ಕಾಣುವ ಸಂದಿಗಳಿಗೆ ನುಗ್ಗಿ. ಅವುಗಳನ್ನು ಕ್ಲೋಸ್ ಎನ್ನುತ್ತಾರೆ. ದಿಣ್ಣೆಯ ಬೆನ್ನು ಅಗಲವಿಲ್ಲ, ಸುತ್ತ ಗೋಡೆ, ಉತ್ತರಕ್ಕೆ ರಕ್ಷಣೆಗೆಂದು ಮಾಡಿದ ನಾರ್ ಲಾಕ್ ಎಂಬ ಕೆರೆ. ಊರು ಪಕ್ಕಕ್ಕೆ ಬೆಳೆಯಲು ಜಾಗವಿಲ್ಲದೆ ಮೇಲಕ್ಕೆ ಬೆಳೆಯಿತು. ಒಂದರ ಮೇಲೊಂದು ಮಹಡಿ, ಒಂದೊಂದರಲ್ಲೂ ತುಂಬಿಕೊಂಡ ಸಂಸಾರಗಳು. ಆ ಸಂದಿಯಲ್ಲಿ ನಿಂತು ಮೇಲೆ ನೋಡಿದಾಗ ನನಗೆ ಅನ್ನಿಸಿತು, ಇಷ್ಟು ಒತ್ತೊತ್ತಾಗಿ ಬದುಕುವವರಿಗೆ ಗೋಡೆಯಾಚೆಯ ಬಯಲು ಎಷ್ಟು ಬೇಕಾಗಿತ್ತೋ ಎಂದು. ಕೆರೆಯನ್ನು 18ನೇ ಶತಮಾನದಿಂದ ಬರಿದು ಮಾಡುತ್ತಾ ಬಂದರು. ನೀವು ರೈಲಿಳಿಯುವ ವೇವರ್ಲಿ ನಿಲ್ದಾಣ ಆ ಹಳ್ಳದಲ್ಲೇ ಇದೆ.

ಬೀದಿಯ ಕೆಳಗಿನ ಭಾಗ ಕ್ಯಾನನ್‌ಗೇಟ್. 1128ರಲ್ಲಿ ಡೇವಿಡ್ ಕಟ್ಟಿಸಿದ ಹೋಲಿರೂಡ್ ಮಠದ ಪಾದ್ರಿಗಳ ಬೀದಿ. 1856ರವರೆಗೂ ಇದು ಬೇರೆಯೇ ಪಟ್ಟಣವಾಗಿತ್ತು. ಊರು ರಾಜಧಾನಿಯಾದದ್ದರಲ್ಲಿ ಈ ಮಠದ ಪಾತ್ರ ದೊಡ್ಡದು. ಮೊದಲು ರಾಜರ ಪಟ್ಟಾಭಿಷೇಕ ಪರ್ತ್ ಹತ್ತಿರದ ಸ್ಕೂನ್‌ನಲ್ಲಿ ಆಗುತ್ತಿತ್ತು. 1437ರಲ್ಲಿ ಒಂದನೇ ಜೇಮ್ಸ್‌ನನ್ನು ಪರ್ತ್‌ನಲ್ಲೇ ಕೊಂದರು. ಅವನ ಮಗನಿಗೆ, ಮುಂದೆ ಗಾಲ್ಫ್ ನಿಲ್ಲಿಸಲು ಹೊರಟ ಆ ಎರಡನೇ ಜೇಮ್ಸ್‌ನಿಗೆ, ಪಟ್ಟ ಕಟ್ಟಿದ್ದು ಹೋಲಿರೂಡ್‌ನಲ್ಲಿ. ಅಲ್ಲಿಂದ ರಾಜ್ಯದ ಆಡಳಿತ ಎಡಿನ್‌ಬರಾದಲ್ಲೇ ನೆಲೆ ನಿಂತಿತು. ಮಠದ ಪಾಳು ನೋಡಲು ಪಕ್ಕದ ಹೋಲಿರೂಡ್ ಅರಮನೆಯ ಟಿಕೆಟ್ ಬೇಕು. ಜೂನ್ ಕೊನೆ, ಜುಲೈ ಮೊದಲಲ್ಲಿ ರಾಜಮನೆತನದವರು ಬಂದಾಗ ಅರಮನೆ ಮುಚ್ಚಿರುತ್ತದೆ. ದಿನ ನೋಡಿಕೊಂಡು ಹೋಗಿ.

ಇದೇ ಕ್ಯಾನನ್‌ಗೇಟ್‌ನಲ್ಲಿ ಗೋಡೆಯ ಮೇಲೊಂದು ಫಲಕ ಹುಡುಕಿ. ಜಾನ್ ಪ್ಯಾಟರ್ಸನ್ ಎಂಬ ಚಪ್ಪಲಿ ಹೊಲಿಯುವವನ ಮನೆ ಇದ್ದ ಜಾಗ. ಸುಮಾರು 1681ರಲ್ಲಿ ಯಾರ್ಕ್‌ನ ಡ್ಯೂಕ್, ಮುಂದೆ ರಾಜನಾದವನು, ಇಬ್ಬರು ಇಂಗ್ಲಿಷ್ ಸರದಾರರ ಮೇಲೆ ಗಾಲ್ಫ್ ಪಂದ್ಯ ಕಟ್ಟಿದನಂತೆ. ಜೊತೆಗಾರನನ್ನಾಗಿ ಆರಿಸಿಕೊಂಡದ್ದು ಈ ಪ್ಯಾಟರ್ಸನ್‌ನನ್ನು. ಗೆದ್ದ ಹಣದಲ್ಲಿ ಅವನು ಮನೆ ಕಟ್ಟಿದ ಎಂಬುದು ಊರಿನ ಕಥೆ. ಹಳೆಯ ಮನೆ ಈಗಿಲ್ಲ.

ಆ ಪಂದ್ಯ ನಡೆದದ್ದು ಲೀತ್‌ನಲ್ಲಿ. ಎರಡನೇ ದಿನ ಅಲ್ಲಿಗೆ ಹೋಗಿ. ಪ್ರಿನ್ಸಸ್ ಸ್ಟ್ರೀಟ್‌ನಲ್ಲಿ ಟ್ರಾಮ್ ಹತ್ತಿ ಫುಟ್ ಆಫ್ ದ ವಾಕ್ ಎಂಬಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ಹತ್ತುವ ಮೊದಲೇ ಟಿಕೆಟ್ ಆಗಬೇಕು, ಒಳಗೆ ತೆಗೆದುಕೊಳ್ಳುತ್ತೇನೆ ಅಂದರೆ ದಂಡ. ಲೀತ್ ರಾಜಧಾನಿಯ ಬಂದರು. ಅದರ ಪಕ್ಕದ ಬಯಲೇ ಲೀತ್ ಲಿಂಕ್ಸ್. ಲಿಂಕ್ಸ್ ಎಂದರೆ ಗಾಲ್ಫ್ ಆಡುವ ಹುಲ್ಲುಬಯಲು. ಈಗ ಅಲ್ಲಿ ಗಾಲ್ಫ್ ಇಲ್ಲ. ಮಕ್ಕಳು, ನಾಯಿಗಳು, ಬೆಂಚಿನ ಮೇಲೆ ಅಜ್ಜಂದಿರು. ನಮ್ಮೆಜಮಾನರು "ಇದನ್ನ ನೋಡೋಕ್ಕೆ ಇಷ್ಟು ದೂರ ಬಂದ್ವಾ?" ಅಂದರು. ನನಗೆ ಮಾತ್ರ ನಾಲ್ಕು ದಿನದಲ್ಲಿ ಇದರಷ್ಟು ಹಿಡಿಸಿದ ಜಾಗ ಇನ್ನೊಂದಿಲ್ಲ.

1744ರಲ್ಲಿ ಎಡಿನ್‌ಬರಾ ನಗರದವರು ಇಲ್ಲಿನ ಆಟಗಾರರಿಗೆ ಒಂದು ಬೆಳ್ಳಿಯ ಕೋಲನ್ನು ಬಹುಮಾನವಾಗಿ ಇಟ್ಟರು. ಪಂದ್ಯ ಅಂದಮೇಲೆ ನಿಯಮ ಬೇಕಲ್ಲ, 13 ನಿಯಮ ಬರೆದರು. ಗಾಲ್ಫ್‌ಗೆ ಬರಹದಲ್ಲಿ ಉಳಿದಿರುವ ಮೊದಲ ನಿಯಮಗಳು ಅವೇ. ಆಗ ಇದ್ದದ್ದು ಚೆಂಡು ಬೀಳಿಸುವ ಐದೇ ಕುಳಿ. ಚೆಂಡು ಮನುಷ್ಯನಿಗೋ ಕುದುರೆಗೋ ನಾಯಿಗೋ ತಗುಲಿ ನಿಂತರೆ, ನಿಂತಲ್ಲಿಂದಲೇ ಹೊಡೆಯಬೇಕು ಎನ್ನುತ್ತದೆ ಒಂದು ನಿಯಮ. ಕೊನೆಯ ನಿಯಮದಲ್ಲಿ ಹುಡುಗರ ಕುಳಿಗಳು, ಸೈನಿಕರ ಸಾಲುಗಳ ಮಾತು ಬರುತ್ತದೆ. ಮಗ ಫೋನಿನಲ್ಲಿ ಅದನ್ನು ಓದಿ ಹೇಳುತ್ತಿದ್ದ, ಎದುರಿಗೆ ಒಂದು ನಾಯಿ ಚೆಂಡು ಕಚ್ಚಿಕೊಂಡು ಓಡುತ್ತಿತ್ತು. ಎಲ್ಲರದ್ದೂ ಆದ ಬಯಲಿನಲ್ಲಿ, ಎಲ್ಲರ ನಡುವೆ ಜಾಗ ಮಾಡಿಕೊಂಡು ಆಡುವವರು ಬರೆದ ನಿಯಮಗಳು ಅವು.

ಮೊದಲ ಬೆಳ್ಳಿ ಕೋಲು ಗೆದ್ದವನು ಜಾನ್ ರಾಟ್ರೆ ಎಂಬ ವೈದ್ಯ. ಅವನ ಪ್ರತಿಮೆಯನ್ನು 2019ರಲ್ಲಿ ಇಲ್ಲಿ ನಿಲ್ಲಿಸಿದ್ದಾರೆ, ಕೋಲು ಬೀಸುತ್ತಿರುವ ಹಾಗೆ. ಗೆದ್ದ ಮರುವರ್ಷವೇ ಅವನು ರಾಜನ ವಿರುದ್ಧ ಎದ್ದ ದಂಗೆಯ ಸೈನ್ಯಕ್ಕೆ ವೈದ್ಯನಾಗಿ ಹೋದ. 1746ರಲ್ಲಿ ಕಲೋಡನ್ ಯುದ್ಧದಲ್ಲಿ ಸೋತು ಸೆರೆಯಾದ. ಅವನ ಪರವಾಗಿ ಮಾತಾಡಿ ಪ್ರಾಣ ಉಳಿಸಿದ್ದು ಡಂಕನ್ ಫೋರ್ಬ್ಸ್ ಎಂಬ ನ್ಯಾಯಾಧೀಶ. ಅವನು ರಾಜನ ಕಡೆಯವನು, ಆದರೆ ಲೀತ್‌ನಲ್ಲಿ ರಾಟ್ರೆಯ ಜೊತೆ ಆಡುತ್ತಿದ್ದವನು.

ಸುಮ್ನೆ ನೋಡಿದರೆ ಸಾಲದು, ಆಡಬೇಕು ಅನ್ನುವವರು ಬ್ರಂಟ್ಸ್‌ಫೀಲ್ಡ್ ಲಿಂಕ್ಸ್‌ಗೆ ಹೋಗಿ. ಹಳೆಯ ಊರಿನಿಂದ ದಕ್ಷಿಣಕ್ಕೆ ಅರ್ಧ ಗಂಟೆಯ ಒಳಗಿನ ನಡಿಗೆ. ಮೆಡೋಸ್ ಎಂಬ ದೊಡ್ಡ ಬಯಲು ದಾಟಿದ ಮೇಲೆ ಸಿಗುತ್ತದೆ. ಆ ಬಯಲೂ ಒಂದು ಕಾಲಕ್ಕೆ ಊರಿಗೆ ನೀರು ಕೊಡುತ್ತಿದ್ದ ಕೆರೆ. ಬ್ರಂಟ್ಸ್‌ಫೀಲ್ಡ್‌ನಲ್ಲಿ ಬೇಸಿಗೆಯಲ್ಲಿ 36 ಚಿಕ್ಕ ಕುಳಿಗಳ ಮೈದಾನ ಇರುತ್ತದೆ, ಆಡಲು ದುಡ್ಡು ಕೊಡಬೇಕಿಲ್ಲ. "ಅಮ್ಮಾ, ಗೇಟೇ ಇಲ್ವಲ್ಲ!" ಅಂದ ಮಗ. ಗೇಟೂ ಇಲ್ಲ, ಬೇಲಿಯೂ ಇಲ್ಲ. ಒಂದು ಚಿಕ್ಕ ಕೋಲು, ಕುಳಿಯ ಹತ್ತಿರ ಚೆಂಡು ಉರುಳಿಸುವ ಒಂದು ಪಟರ್, ಎರಡು ಚೆಂಡು ಸಾಕು. ಕೋಲು ಬಾಡಿಗೆಗೆ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಎಂದು ಮುಂಚೆಯೇ ವಿಚಾರಿಸಿಕೊಳ್ಳಿ. ನಾವು ಸಂಜೆ ಏಳಕ್ಕೆ ಶುರು ಮಾಡಿ ಒಂಬತ್ತೂವರೆವರೆಗೆ ಆಡಿದೆವು. ಪಕ್ಕದಲ್ಲಿ ವಿದ್ಯಾರ್ಥಿಗಳು ಕೂತು ಊಟ ಮಾಡುತ್ತಿದ್ದರು. ಜನ ನಡೆದು ಹೋಗುವಾಗ ನಿಂತು ಕಾಯಬೇಕು, ಅದೊಂದು ನೆನಪಿರಲಿ.

ನಾಲ್ಕನೇ ದಿನ ಉಳಿದರೆ ಪೂರ್ವಕ್ಕೆ ಬಸ್ಸಿನಲ್ಲಿ ಮಸಲ್‌ಬರಾಗೆ ಹೋಗಿ. ಅಲ್ಲಿನ ಒಂಬತ್ತು ಕುಳಿಗಳ ಹಳೆಯ ಲಿಂಕ್ಸ್‌ನಲ್ಲಿ 1672ರಲ್ಲಿ ಆಡಿದ ದಾಖಲೆ ಇದೆ. ಗಾಲ್ಫ್‌ನ ಹಳೆಯ, ದೊಡ್ಡ ಪಂದ್ಯಾವಳಿಯಾದ ಓಪನ್ ಚಾಂಪಿಯನ್‌ಶಿಪ್ ಇಲ್ಲಿ ಆರು ಸಲ ನಡೆದಿದೆ. ಇವತ್ತು ಜಗತ್ತಿನ ಎಲ್ಲ ಗಾಲ್ಫ್ ಕುಳಿಗಳೂ ನಾಲ್ಕೂಕಾಲು ಇಂಚು ಅಗಲ. ಆ ಅಳತೆ ಬಂದದ್ದು ಇಲ್ಲಿ 1829ರಲ್ಲಿ ಮಾಡಿಸಿದ ಕುಳಿ ತೋಡುವ ಉಪಕರಣದಿಂದ. 1811ರ ಜನವರಿಯಲ್ಲಿ ಇಲ್ಲಿನ ಮೀನುಗಾರ ಹೆಂಗಸರಿಗಾಗಿಯೇ ಒಂದು ಪಂದ್ಯ ನಡೆಸಿದರು. ಬಹುಮಾನ ಏನು ಗೊತ್ತಾ? ಗೆದ್ದವಳಿಗೆ ಹೊಸ ಮೀನಿನ ಬುಟ್ಟಿ. ಹಳೆಯ ಕಾಲದ ಮರದ ಕೋಲುಗಳನ್ನು ಬಾಡಿಗೆಗೆ ಪಡೆದು ಆಡಬಹುದು. ಮಗ ಅದರಲ್ಲೇ ಆಡಿದ, ಕೈ ನೋವು ಎರಡು ದಿನ ಇತ್ತು. ಈ ಲಿಂಕ್ಸ್ ಇರುವುದು ಕುದುರೆ ರೇಸ್ ಮೈದಾನದ ಒಳಗೆ. ರೇಸ್ ಇರುವ ದಿನ ಆಡಲು ಬಿಡುವುದಿಲ್ಲ, ಹಾಗಾಗಿ ಬಸ್ ಹತ್ತುವ ಮೊದಲೇ ರೇಸಿನ ದಿನಗಳ ಪಟ್ಟಿ ನೋಡಿಕೊಳ್ಳಿ.